ಕಾಲಿನಿಂದ ಕೈಗೆ ಹೋದ ನರ

ಹೋದ ವಾರ ನಮ್ಮ ಫಿಸಿಯೋಥೆರಪಿ ಕಾಲೇಜಿನ ಪ್ರಾಯೋಗಿಕ ತರಗತಿಯಲ್ಲಿ ಕಾಲಿನ ಮೇಲೆ ನರಗಳ ಗುರುತು ಹಾಕುವ ಪಾಠವಿತ್ತು. ಸಹಪಾಠಿಯೊಬ್ಬ ಮೇಜಿನ ಮೇಲೆ ಬೋರಲಾಗಿ ಮಲಗಿದ್ದ. ಮೇಡಂ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಅವನ ಮೀನಖಂಡ ಒರೆಸಿ, ನೀಲಿ ಪೆನ್ನನ್ನು ನನ್ನ ಕೈಗೆ ಕೊಟ್ಟು, "ಸ್ಯೂರಲ್ ನರ ಎಲ್ಲಿಂದ ಎಲ್ಲಿಗೆ ಹೋಗ್ತದ, ಬರದು ತೋರ್ಸು" ಎಂದರು. ಸ್ಪಿರಿಟ್ಟಿನ ಚುರುಕು ವಾಸನೆ ಮೂಗಿಗೆ ಬಡಿಯಿತು. ನನಗೆ ಪುಸ್ತಕದ ಚಿತ್ರ ನೆನಪಾಗಲಿಲ್ಲ, ಅಕ್ಕನ ಎಡಗಾಲು ನೆನಪಾಯಿತು. ಮೊಣಕಾಲಿನ ಹಿಂದಿನ ಗುಳಿಯಿಂದ ಶುರುಮಾಡಿ, ಮೀನಖಂಡದ ನಡುವೆ ಇಳಿಸಿ, ಹಿಮ್ಮಡಿಯ ಮೇಲಿನ ದಪ್ಪ ಹುರಿಯ ಹೊರಬದಿಗೆ ಸರಿಸಿ, ಹೊರಗಿನ ಕಾಲ್ಗಂಟನ್ನು ಹಿಂದಿನಿಂದ ಬಳಸಿ, ಕಿರುಬೆರಳಿನ ತನಕ ಒಂದೇ ಎಳೆಯಲ್ಲಿ ಗೆರೆ ಎಳೆದೆ.

"ಪೆನ್ನು ಎಲ್ಲೂ ನಿಲ್ಲಲೇ ಇಲ್ಲಲ್ಲೋ!" ಎಂದು ಮೇಡಂ ಮೆಚ್ಚಿದರು. ಆ ದಾರಿಯನ್ನು ನಾನು ಮೊದಲು ಕಲಿತದ್ದು ಕಾಲೇಜಿನಲ್ಲಲ್ಲ. ಖಾನಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ, ಅಕ್ಕನ ಕಾಲಿನ ಮೇಲೆ ಮೆಟ್ಟಿಲಿನಂತೆ ಇಳಿದಿದ್ದ ನಾಲ್ಕು ಹೊಲಿಗೆಗಳನ್ನು ನೋಡುತ್ತ ಕಲಿತದ್ದು.

ನನಗೆ ದಿನಚರಿ ಬರೆಯುವ ಚಟ. ಮಳೆ ಬಂತೋ ಇಲ್ಲವೋ, ಆವಿಗೆಗೆ ಎಷ್ಟು ಗಡಿಗೆ ಇಟ್ಟೆವು, ಸುಟ್ಟ ಮೇಲೆ ಎಷ್ಟು ಸೀಳಿದವು, ಬೆಳಗಾವಿ ಬಸ್ಸು ಎಷ್ಟು ತಡವಾಯಿತು, ಎಲ್ಲಕ್ಕೂ ತಾರೀಖು ಬೇಕು, ಲೆಕ್ಕ ಬೇಕು. "ಇಂವಾ ಸಣ್ಣಾಂವ ಇದ್ದಾಗ ಅತ್ತಿದ್ದರ ಲೆಕ್ಕಾನೂ ಇಟ್ಟಾನು" ಎಂದು ಮನೆಯವರು ಆಡಿಕೊಳ್ಳುತ್ತಿದ್ದರು. ಆ ಒಂದು ವರ್ಷ ಮಾತ್ರ ಯಾರೂ ಆಡಿಕೊಳ್ಳಲಿಲ್ಲ. "ಇವತ್ತಿಂದು ಬರದಿ ಏನೋ?" ಎಂದು ಅವ್ವನೇ ಕೇಳುತ್ತಿದ್ದಳು.

ನಾವು ಕುಂಬಾರರು. ಕೆರೆಯಂಗಳದ ಮಣ್ಣು ತರುವುದು, ನೆನೆಸುವುದು, ತುಳಿಯುವುದು ಅವ್ವನ ಕಡೆ. ತಿಗರಿ ತಿರುಗಿಸಿ ಅದರ ಮೇಲೆ ಗಡಿಗೆ ಎತ್ತುವುದು ಅಪ್ಪನ ಕಡೆ. ನಮ್ಮವರಲ್ಲಿ ಹೆಂಗಸರು ಮಣ್ಣಿನ ಎಲ್ಲ ಕೆಲಸ ಮಾಡಬಹುದು, ತಿಗರಿ ಮಾತ್ರ ಮುಟ್ಟುವಂತಿಲ್ಲ. ನನ್ನ ಅಕ್ಕ ರೇಣುಕಾ ಹದಿನೈದು ತುಂಬುವುದರೊಳಗೆ ಅದನ್ನು ಮುಟ್ಟಿದ್ದಳು. ಅಪ್ಪ ಸೊಂಟ ಹಿಡಿದುಕೊಂಡು ಎರಡು ವಾರ ಮಲಗಿದ್ದಾಗ, ಯಾರನ್ನೂ ಕೇಳದೆ ಹೋಗಿ ಕುಳಿತು, ಮೊದಲ ದಿನವೇ ಒಂದು ಮಗಿ ಎತ್ತಿದಳು. ಅಪ್ಪ ಹಾಸಿಗೆಯಿಂದಲೇ ಅದನ್ನು ತರಿಸಿಕೊಂಡು, ಬಾಯಂಚನ್ನು ಹೆಬ್ಬೆರಳಿನಿಂದ ಸುತ್ತ ತಡವಿ, "ದಪ್ಪ ಆಗೇತಿ. ನಾಳೆ ಇನ್ನಾ ಸ್ವಲ್ಪ ತೆಳ್ಳಗ ಮಾಡು" ಎಂದಿದ್ದ. ಅಪ್ಪಣೆ ಸಿಕ್ಕದ್ದು ಅಷ್ಟರಲ್ಲೇ. ಇಪ್ಪತ್ತೈದರ ಹೊತ್ತಿಗೆ ಅಕ್ಕನ ನೀರಿನ ಗಡಿಗೆಗಳು ಅಪ್ಪನವುಗಳಿಗಿಂತ ಹಗುರಾಗಿದ್ದವು. ಸಂತೆಗೆ ಬಂದ ಹೆಂಗಸರು ಕೈಯಲ್ಲಿ ತೂಗಿ ನೋಡಿ ಅವಳದ್ದನ್ನೇ ಆರಿಸುತ್ತಿದ್ದರು.

ಆ ವರ್ಷದ ಜೂನ್ ಹದಿನೇಳು. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಿತ್ತು. ಖಾನಾಪುರದ ಮಳೆ ಗೊತ್ತಿದ್ದವರಿಗೆ ಆ ದಿನಗಳಲ್ಲಿ ಹಸಿ ಮಣ್ಣೆತ್ತು ಒಣಗಿಸುವ ಪಾಡೂ ಗೊತ್ತಿರುತ್ತದೆ. ಹಿಂದಿನ ಛಪ್ಪರದಲ್ಲಿ ಹಲಗೆಗಳ ಮೇಲೆ ಜೋಡಿ ಜೋಡಿ ಎತ್ತು ಸಾಲಾಗಿ ನಿಂತಿದ್ದವು. ಸಂಜೆ ಗಾಳಿ ಎದ್ದಿತು. ಅಕ್ಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಂಡು ಓಡಿದಳು. ಮಾಡಿನ ಮೇಲಿನ ಸಾಲಿನ ಹಂಚೊಂದು ಜಾರಿತು. ಎತ್ತುಗಳ ಮೇಲೆ ಬೀಳುತ್ತದೆಂದು ಅವಳು ಬಲಗೈ ಅಡ್ಡ ಹಿಡಿದಳು. ಯೋಚನೆ ಮಾಡಿ ಹಿಡಿದದ್ದಲ್ಲ, ಕೈ ತಾನೇ ಹೋಯಿತು. ಒಡೆದ ಹಂಚಿನ ಅಂಚು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಮುಂಗೈಯ ಒಳಬದಿಯನ್ನು ಸೀಳಿತು. ಒಂದು ಎತ್ತಿಗೂ ಪೆಟ್ಟಾಗಲಿಲ್ಲ.

ಬೆಳಗಾವಿಯ ಆಸ್ಪತ್ರೆಗೆ ಮುಟ್ಟುವಾಗ ಕತ್ತಲಾಗಿತ್ತು. ಗಾಯ ತೊಳೆದರು, ಬೆರಳು ಮಡಚುವ ಹುರಿಗಳು ಹರಿದಿದ್ದನ್ನು ಹೊಲಿದರು. ಕೈ ಉಳಿಯಿತು ಎಂದುಕೊಂಡೆವು. ಎರಡನೇ ದಿನ ಅವ್ವ ಬಿಸಿ ಚಹಾದ ಸ್ಟೀಲ್ ಲೋಟವನ್ನು ಅಕ್ಕನ ಬಲಗೈಗೆ ಕೊಟ್ಟಳು. ಅಕ್ಕ ಹಿಡಿದೇ ಕುಳಿತಳು. ಹಬೆ ಏಳುತ್ತಿತ್ತು. "ಕೈ ಸುಡೂದಿಲ್ಲೇನ?" ಎಂದು ಅವ್ವ ಕೇಳಿದ ಮೇಲೆ ಅಕ್ಕ ಲೋಟವನ್ನು ಎಡಗೈಗೆ ಬದಲಿಸಿ ಹೌಹಾರಿದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ. ಕುಂಬಾರರಿಗೆ ಗಡಿಗೆಯ ಗೋಡೆ ಎಷ್ಟು ತೆಳ್ಳಗಿದೆ ಎಂದು ಹೇಳುವ ಬೆರಳುಗಳೇ ಅವು. ಒಂದಕ್ಕೂ ಸುದ್ದಿ ಇರಲಿಲ್ಲ.

ಕೈಯ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ್ ಐವತ್ತರ ಆಸುಪಾಸಿನ ಹೆಂಗಸು. ನಾವು ಅವರನ್ನು ಬಾಯಾರ ಎಂದೇ ಕರೆಯುತ್ತಿದ್ದೆವು. ಪಿನ್ನಿನ ತುದಿಯಿಂದ ಒಂದೊಂದೇ ಬೆರಳು ಮುಟ್ಟಿ ನೋಡಿ, ಕುರ್ಚಿ ಹತ್ತಿರ ಎಳೆದುಕೊಂಡು ಕುಳಿತು, ಮುಚ್ಚುಮರೆ ಇಲ್ಲದೆ ಹೇಳಿದರು. ನರ ತುಂಡಾಗಿದೆ, ಹಂಚು ಕುಯ್ದದ್ದಷ್ಟೇ ಅಲ್ಲ, ಜಜ್ಜಿದೆ. ಜಜ್ಜಿದ ಭಾಗ ಕತ್ತರಿಸಿ ತೆಗೆದರೆ ಎರಡು ತುದಿಗಳ ನಡುವೆ ನಾಲ್ಕು ಸೆಂಟಿಮೀಟರ್ ಖಾಲಿ ಉಳಿಯುತ್ತದೆ. ಎಳೆದು ಕೂಡಿಸಿದರೆ ಹರಿಯುತ್ತದೆ.

"ಮತ್ತ ನಡುವ ಏನ್ ಹಾಕ್ತೀರಿ?" ಅಪ್ಪ ಕೇಳಿದ.

"ಕಾಲಿನ ನರ."

ಅಪ್ಪ ಡಾಕ್ಟರರನ್ನೇ ನೋಡಿದ, ತಮಾಷೆ ಮಾಡುತ್ತಿದ್ದಾರೋ ಏನೋ ಎಂದು. ಅವರು ತಮ್ಮ ಕಾಲನ್ನೇ ಮುಂದೆ ಚಾಚಿ, ಸೀರೆಯ ಮೇಲಿನಿಂದಲೇ ಬೆರಳಾಡಿಸಿ ತೋರಿಸಿದರು. ಮೊಣಕಾಲಿನ ಹಿಂದೆ ಎರಡು ದೊಡ್ಡ ನರಗಳಿಂದ ಒಂದೊಂದು ಕವಲು ಹೊರಡುತ್ತದೆ. ಮೀನಖಂಡದಲ್ಲಿ ಎರಡೂ ಕೂಡಿ ಒಂದಾಗುತ್ತವೆ. ಚರ್ಮದ ಕೆಳಗೇ ಒಂದು ಸಣ್ಣ ರಕ್ತನಾಳದ ಜೊತೆ ಇಳಿದು, ಕಾಲ್ಗಂಟಿನ ಹಿಂದಿನಿಂದ ಪಾದದ ಹೊರ ಅಂಚಿಗೆ ಹೋಗಿ ಕಿರುಬೆರಳಿನಲ್ಲಿ ಮುಗಿಯುತ್ತದೆ. "ಈ ನರ ಒಂದು ಸ್ನಾಯೂನೂ ಅಲುಗಾಡ್ಸೂದಿಲ್ಲ. ಸುದ್ದಿ ಮ್ಯಾಲೆ ಕಳಸೂದಷ್ಟ ಇದರ ಕೆಲಸ. ತಣ್ಣಗದ, ಬೆಚ್ಚಗದ, ಕಲ್ಲು ಚುಚ್ಚಾಕತ್ತೇತಿ, ಇಷ್ಟ. ತಗದ್ರ ನಡೀಲಿಕ್ಕೆ, ಓಡಲಿಕ್ಕೆ ಏನೂ ಅಡ್ಡಿ ಇಲ್ಲ. ಪಾದದ ಹೊರಬಾಜು ಜಡ ಆಗ್ತದ. ಒಂದ್ ವರ್ಷ ಆದಮ್ಯಾಲೆ ಬಹಳ ಮಂದಿಗೆ ಅದು ನೆನಪೂ ಇರೂದಿಲ್ಲ."

ಅವ್ವ ಅಷ್ಟರಲ್ಲೇ ಕುರ್ಚಿಯ ಮೇಲೆ ತನ್ನ ಕಾಲು ಎತ್ತಿ ಇಟ್ಟಿದ್ದಳು. "ನಂದು ತಗೋರಿ ಬಾಯಾರ. ಅಕಿ ಇನ್ನಾ ಬಾಳೇವು ಮಾಡಾಕಿ. ನನಗ್ಯಾಕ ಬೇಕು ಈಗ ಸುದ್ದಿ?"

ಡಾಕ್ಟರ್ ನಗಲಿಲ್ಲ. ಅವ್ವನ ಪಾದ ಹಿಡಿದು ನಿಧಾನ ಕೆಳಗಿಟ್ಟರು. "ನಿಮ್ಮದು ಆಕಿಗೆ ಒಗ್ಗೂದಿಲ್ಲವ್ವಾ. ಆಕಿದ ಆಕಿಗೇ ಬೇಕು." ಆಮೇಲೆ ಇನ್ನೊಂದು ಮಾತು ಹೇಳಿದರು. ಅದನ್ನು ಆ ದಿನದ ಪುಟದಲ್ಲಿ ಎರಡು ಸಲ ಬರೆದಿದ್ದೇನೆ. ಕಾಲಿನ ನರ ಕೈಗೆ ಹೋಗಿ ಕೆಲಸ ಮಾಡುವುದಿಲ್ಲ. ಅದರೊಳಗಿನ ಜೀವದ ಎಳೆಗಳು ಸಾಯುತ್ತವೆ, ಕೊಳವೆಗಳಷ್ಟೇ ಉಳಿಯುತ್ತವೆ. ಕೈಯ ನರದ ಮೇಲಿನ ತುದಿಯಿಂದ ಹೊಸ ಎಳೆಗಳು ಚಿಗುರಿ ಆ ಕೊಳವೆಗಳಲ್ಲಿ ತೆವಳುತ್ತ ಬೆರಳ ತುದಿಗೆ ಹೋಗಬೇಕು. ದಿನಕ್ಕೆ ಒಂದು ಮಿಲಿಮೀಟರ್, ಅದೂ ಎಲ್ಲ ಸರಿ ಇದ್ದರೆ.

"ಹೋಗ್ತಾವು ಅಂತ ಖಾತ್ರಿ ಐತೇನ್ರಿ?" ಅಕ್ಕ ಮೊದಲ ಸಲ ಬಾಯಿಬಿಟ್ಟಳು.

"ಖಾತ್ರಿ ಕೊಡೂದಿಲ್ಲ. ಆದ್ರ ನೀ ಸಣ್ಣಾಕಿ ಇದ್ದಿ, ಗಾಯಾನೂ ಬೆರಳಿಗೆ ಹತ್ರ ಅದ. ನಾ ಆಸೆ ಇಟ್ಟೀನಿ. ಯಾವ ಕಾಲಿಂದು ತಗೊಳ್ಳೂಣು?"

ನಾವು ನಾಲ್ವರೂ ಒಂದೇ ಉಸಿರಿನಲ್ಲಿ ಹೇಳಿದೆವು: ಎಡಗಾಲು. ಮಣ್ಣು ತುಳಿಯುವುದು ಬಲಗಾಲಿನಿಂದ. ಬಲ ಹಿಮ್ಮಡಿಯಿಂದ ಒತ್ತಿ, ಕೊಯ್ದು, ಮುಂದೆ ನೂಕುತ್ತೇವೆ. ಎಡಗಾಲು ಸುಮ್ಮನೆ ಜೊತೆಗೆ ಬರುತ್ತದೆ. ಹುಟ್ಟಿದಾಗಿನಿಂದ ನಾವೆಲ್ಲ ನೋಡಿದ್ದು ಹಾಗೆ. ನಲವತ್ತು ವರ್ಷ ತುಳಿದ ಅವ್ವನೂ ಹಾಗೇ ಅಂದಳು. ಡಾಕ್ಟರ್ ಬರೆದುಕೊಂಡರು. ಜುಲೈ ಒಂಬತ್ತಕ್ಕೆ ಶಸ್ತ್ರಚಿಕಿತ್ಸೆ ಆಯಿತು. ಕಾಲಿನಿಂದ ತೆಗೆದ ನರವನ್ನು ತುಂಡು ಮಾಡಿ, ತುಂಡುಗಳನ್ನು ಒತ್ತೊತ್ತಾಗಿ ಜೋಡಿಸಿ, ಕೂದಲಿಗಿಂತ ಸಣ್ಣ ದಾರದಿಂದ ಹೊಲಿದರಂತೆ. ಸೂಕ್ಷ್ಮದರ್ಶಕದ ಕೆಳಗೆ ಅರ್ಧ ದಿನದ ಕೆಲಸ.

ಅಕ್ಕ ಊರಿಗೆ ಬಂದಾಗ ಪರಸು ಕಾಕಾ ಮಾತಾಡಿಸಲು ಬಂದ. ಅಪ್ಪನ ತಮ್ಮ, ನಮ್ಮ ಮನೆಯ ಬಾಜುವಿನಲ್ಲೇ ಅವನ ತಿಗರಿ. ಚಹಾ ಕುಡಿದು, ಬಾಯಿ ಒರೆಸಿಕೊಂಡು, ಬಂದ ಕೆಲಸ ಮಾಡಿದ. "ಹೆಣ್ಮಕ್ಳು ತಿಗರಿ ಮುಟ್ಟಬಾರದು ಅಂತ ಹಿರ್ಯಾರು ಸುಮ್ನ ಹೇಳಿರ್ತಾರೇನಣ್ಣಾ? ಖರೇ ಹೇಳು."

ಅಪ್ಪ ತಲೆ ಎತ್ತಲಿಲ್ಲ. "ಕೈ ಕೊಯ್ದದ್ದು ಹಂಚು, ಪರಸ್ಯಾ. ತಿಗರಿ ಅಲ್ಲ. ನಿನ್ನ ಮಾತು ಕೇಳಿದ್ರ ನಾವು ಮನಿಗೆ ಹಂಚು ಹಾಕೂದು ಬಿಡಬೇಕಾಗ್ತೈತಿ."

ಅಪ್ಪ ಇಷ್ಟು ಉದ್ದ ಮಾತಾಡಿದ್ದನ್ನು ನಾನು ಆ ವರ್ಷ ಕೇಳಿದ್ದು ಎರಡೇ ಸಲ.

ನಂತರ ಕಾಯುವ ಕೆಲಸ. ನನಗೆ ಪಿಯುಸಿ ಮುಗಿದಿತ್ತು, ಮುಂದಿನ ಪ್ರವೇಶಕ್ಕೆ ಇನ್ನೊಂದು ವರ್ಷ ತಡೆಯೋಣ ಎಂದು ಮನೆಯಲ್ಲೇ ಉಳಿದೆ. ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದ ಹುಡುಗನೊಬ್ಬ ನನಗೆ ಒಂದು ವಿದ್ಯೆ ಹೇಳಿಕೊಟ್ಟ. ಹೊಲಿಗೆಯ ಗುರುತಿನಿಂದ ಕೆಳಕ್ಕೆ ಬೆರಳ ತುದಿಯಿಂದ ಮೆಲ್ಲಗೆ ಬಡಿಯುತ್ತ ಹೋಗಬೇಕು. ಹೊಸ ಎಳೆಗಳ ತುದಿ ಎಲ್ಲಿದೆಯೋ ಅಲ್ಲಿ ಬಡಿದಾಗ ಬೆರಳುಗಳಲ್ಲಿ ಜುಮ್ಮೆನ್ನುತ್ತದೆ. ಪ್ರತಿ ರವಿವಾರ ಸ್ನಾನವಾದ ಮೇಲೆ ಅಕ್ಕ ಕೈ ಚಾಚುತ್ತಿದ್ದಳು. ನಾನು ಬಡಿಯುತ್ತಿದ್ದೆ.

"ಇಲ್ಲಿ?"

"ಇಲ್ಲ."

"ಇಲ್ಲಿ?"

"ಇಲ್ಲ. ನೀ ಏನ್ ಬಾಗಲಾ ಬಡ್ಯಾಕತ್ತಿಯೇನೋ? ಒಳಗ ಯಾರೂ ಇಲ್ಲ, ಹೋಗು."

ಆಗಸ್ಟ್ ನಡುವಿಗೆ, ಕೈಯ ನರಕ್ಕೆ ಕಾಲಿನ ತುಂಡು ಕೂಡಿಸಿದ ಮೇಲಿನ ಹೊಲಿಗೆಯ ಹತ್ತಿರ, ಅಕ್ಕ ಕೈ ಕೊಸರಿಕೊಂಡಳು. "ಯವ್ವಾ! ಇರಿವಿ ಹರದಾಂಗ ಆತು!" ಅವ್ವ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನಾನು ಪೆನ್ನಿನಿಂದ ಚುಕ್ಕೆ ಇಟ್ಟೆ. ಮುಂದಿನ ರವಿವಾರ ಚುಕ್ಕೆ ಜೋಳದ ಕಾಳಿನಷ್ಟು ಕೆಳಗೆ ಸರಿದಿತ್ತು. ಅದರ ಮುಂದಿನ ರವಿವಾರ ಇನ್ನೊಂದು ಕಾಳು. ಊರಿನಲ್ಲಿ ಗಣಪತಿ ಬಂದು ಹೋದ, ಭತ್ತದ ಗದ್ದೆಗಳು ಹಸಿರಾದವು. ನಮ್ಮ ಮನೆಯ ಸುದ್ದಿ ಮಾತ್ರ ಆ ಮುಂಗೈಯ ನಾಲ್ಕು ಸೆಂಟಿಮೀಟರಿನೊಳಗೆ ನಡೆಯುತ್ತಿತ್ತು.

ಸಪ್ಟೆಂಬರ್ ಕೊನೆಗೆ ಚುಕ್ಕೆ ಕೆಳಗಿನ ಹೊಲಿಗೆಗೆ ಮುಟ್ಟಿತು. ಮುಟ್ಟಿ ನಿಂತಿತು. ಒಂದು ರವಿವಾರ ಕಳೆಯಿತು, ಎರಡು, ಮೂರು. ಅಲ್ಲೇ ಬಡಿದರೆ ಜುಮ್ಮೆನ್ನುತ್ತಿತ್ತು, ಅದರಾಚೆ ಸದ್ದಿಲ್ಲ. ಎರಡನೇ ಹೊಲಿಗೆ ದಾಟುವಾಗ ಎಳೆಗಳು ತಡೆಯುವುದುಂಟು, ಕೆಲವು ಸಲ ಅಲ್ಲೇ ಗಂಟುಕಟ್ಟಿ ಉಳಿಯುವುದೂ ಉಂಟು ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ನಾನು ಮೂರೂ ವಾರ ಒಂದೇ ಅಂಕಿ ಬರೆದೆ.

ಅಕ್ಕ ಆ ದಿನಗಳಲ್ಲಿ ತಿಗರಿಗೆ ಕುಳಿತು ನೋಡಿದಳು. ಎಡಗೈ ಒಳಗೆ, ಬಲಗೈ ಹೊರಗೆ. ನಡುವಿನ ಗೋಡೆ ಎಷ್ಟು ದಪ್ಪ ಎಂದು ಎರಡು ಕೈಗಳೂ ಪರಸ್ಪರ ಕೇಳಿಕೊಳ್ಳಬೇಕು. ಒಂದು ಕೈ ಉತ್ತರವನ್ನೇ ಕೊಡುತ್ತಿರಲಿಲ್ಲ. ಅವಳು ಕಣ್ಣಿನಿಂದ ಮಾಡಲು ನೋಡಿದಳು. ಗಡಿಗೆ ಎತ್ತಿ, ತಂತಿಯಿಂದ ನಡುವೆ ಸೀಳಿ, ಗೋಡೆಯ ದಪ್ಪ ನೋಡಿ, ಮತ್ತೆ ಮಣ್ಣಿಗೆ ಸೇರಿಸುವುದು. ಸೀಳಿದ ಗಡಿಗೆಗಳ ಒಂದು ಬದಿ ರೊಟ್ಟಿಯಷ್ಟು ತೆಳು, ಇನ್ನೊಂದು ಬದಿ ಇಟ್ಟಿಗೆಯಷ್ಟು ದಪ್ಪ. ಒಂದು ಮಧ್ಯಾಹ್ನ ಎದ್ದು ಬಂದು, "ನಾ ಮಣ್ಣರ ತುಳೀತೀನಿ. ದೀಪಾವಳಿ ಪಣತಿಗೆ ಮಣ್ಣು ಬೇಕಲ್ಲ" ಎಂದಳು.

ನೆನೆದ ಮಣ್ಣನ್ನು ಅಂಗಳದಲ್ಲಿ ರಾಶಿ ಹಾಕಿ, ನಡುವಿನಿಂದ ಶುರುಮಾಡಿ ಸುತ್ತುತ್ತ ಹೊರಗೆ ಬರುವುದು ನಮ್ಮ ಪದ್ಧತಿ. ರಾಶಿಯ ನಡು ಯಾವಾಗಲೂ ಬಲಕ್ಕೆ ಇರಬೇಕು. ದೇವರಿಗೆ ಹೇಗೆ ಸುತ್ತು ಬರುತ್ತೇವೋ ಮಣ್ಣಿಗೂ ಹಾಗೇ. ಅಕ್ಕ ಸೀರೆ ಎತ್ತಿ ಕಟ್ಟಿ ಇಳಿದಳು. ಬಹಳ ದಿನಗಳ ಮೇಲೆ ಅವಳ ಮುಖ ಹಗುರಾಗಿತ್ತು. ಏನೋ ಗುನುಗುತ್ತ ಸುತ್ತುತ್ತಿದ್ದಳು. ನಾನು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೆ. ನಾಲ್ಕನೇ ಸುತ್ತಿಗೆ ಬೂದು ಮಣ್ಣಿನಲ್ಲಿ ಒಂದು ಕೆಂಪು ಗೆರೆ ಕಂಡಿತು. ಐದನೇ ಸುತ್ತಿಗೆ ಅದು ಉದ್ದವಾಯಿತು.

"ಅಕ್ಕಾ, ನಿಲ್ಲು! ನಿನ್ನ ಕಾಲು!"

"ಏನಾತು?" ಎಂದು ಅವಳು ಬಲಗಾಲು ಎತ್ತಿ ನೋಡಿದಳು. ಏನೂ ಆಗಿರಲಿಲ್ಲ.

ಎಡ ಪಾದದ ಹೊರ ಅಂಚಿನಲ್ಲಿ, ಕಿರುಬೆರಳಿನ ಬುಡದಲ್ಲಿ, ಬಾಟಲಿಯ ಗಾಜಿನ ಚೂರು ಅರ್ಧ ಬೆರಳು ಒಳಗೆ ಹೋಗಿತ್ತು. ಅವಳಿಗೆ ಗೊತ್ತೇ ಇರಲಿಲ್ಲ. ಅವ್ವ ಚೂರು ಕಿತ್ತಾಗಲೂ ಗೊತ್ತಾಗಲಿಲ್ಲ. ಅವ್ವನೇ "ಸ್ಸ್" ಎಂದಳು.

ಗಾಯಕ್ಕೆ ಹೊಲಿಗೆ ಹಾಕಿಸಿ, ಧನುರ್ವಾಯುವಿನ ಸೂಜಿ ಹಾಕಿಸಿ ಬಂದ ಮೇಲೆ ಅವ್ವ ಒಬ್ಬಳೇ ಆ ರಾಶಿಗೆ ಇಳಿದಳು. ತುಳಿಯಲಿಲ್ಲ. ಒಂದೊಂದೇ ಹೆಜ್ಜೆ ಇಟ್ಟು, ನಿಂತು, ತನ್ನ ಪಾದಗಳನ್ನೇ ನೋಡಿಕೊಂಡಳು. ಎರಡು ಸುತ್ತು ಹಾಗೆ ಮಾಡಿ ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿದಳು.

"ಅಯ್ಯ ನಮ್ಮ ಬುದ್ಧಿಗೆ ಏನ್ ಬಂದಿತ್ತೋ! ಬಲಗಾಲು ಬರೇ ತುಳಿತೈತಿ. ಕಲ್ಲು ಹುಡಕೂದು ಎಡಗಾಲು."

ನಡು ಬಲಕ್ಕಿದ್ದರೆ, ಇನ್ನೂ ತುಳಿಯದ ಮಣ್ಣು ಎಡಕ್ಕಿರುತ್ತದೆ. ಪ್ರತಿ ಹೆಜ್ಜೆಗೂ ಎಡ ಪಾದದ ಹೊರ ಅಂಚು ಆ ಮಣ್ಣಿಗೆ ಮೊದಲು ತಾಗುತ್ತದೆ. ಹರಳು, ಬೇರು, ಗಾಜು ಸಿಕ್ಕರೆ ಕಾಲು ತಾನೇ ತಡೆಯುತ್ತದೆ, ಕೈ ಬಗ್ಗಿ ಅದನ್ನು ತೆಗೆದು ಎಸೆಯುತ್ತದೆ. ಅವ್ವ ನಲವತ್ತು ವರ್ಷ ಹಾಗೆ ಮಾಡಿದ್ದಳು. ಅವಳ ಕಾಲಿಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಡಾಕ್ಟರ್ ಕೇಳಿದಾಗ ನಾವೇ, ನಾಲ್ಕು ಮಂದಿ ಕುಂಬಾರರು, ಕೆಲಸಕ್ಕೆ ಬೇಕಾದ ಕಾಲನ್ನೇ ತೋರಿಸಿದ್ದೆವು.

ಆ ಸಂಜೆ ಅಕ್ಕ ಗೋಡೆಗೆ ಒರಗಿ ಕುಳಿತಿದ್ದಳು. ಕೈ ಬರುತ್ತದೋ ಇಲ್ಲವೋ ಗೊತ್ತಿಲ್ಲ; ಅದಕ್ಕಾಗಿ ಕೊಟ್ಟ ಕಾಲು ಹೋದದ್ದಂತೂ ಗೊತ್ತಾಗಿದೆ. ಅವಳು ಅಳಲಿಲ್ಲ. "ತಮ್ಮಾ, ಆ ಪಾಟಿ ತಾ" ಎಂದಳು. ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಒಂದು ವೃತ್ತ ಬರೆದು, ಎರಡು ಪಾದ ಬರೆದು, ಬಹಳ ಹೊತ್ತು ನೋಡಿದಳು. ಆಮೇಲೆ ಪಾಟಿಯನ್ನು ಕನ್ನಡಿಯ ಮುಂದೆ ಹಿಡಿದಳು.

ಗಾಯ ಮಾಗಿದ ಮೇಲೆ, ಉಳಿದ ಮಣ್ಣಿನ ರಾಶಿಗೆ ಇಳಿದು, ಅಕ್ಕ ಉಲ್ಟಾ ಸುತ್ತಲು ಶುರುಮಾಡಿದಳು. ನಡು ಎಡಕ್ಕೆ, ತುಳಿಯದ ಮಣ್ಣು ಬಲಕ್ಕೆ. ಬಲ ಪಾದದ ಹೊರ ಅಂಚು ಮುಂದೆ ಹೋಗಿ ನೋಡುತ್ತದೆ, ಎಡ ಹಿಮ್ಮಡಿ ಹಿಂದಿನಿಂದ ತುಳಿಯುತ್ತದೆ.

ಪರಸು ಕಾಕಾ ಬೇಲಿಯ ಆಚೆಯಿಂದಲೇ ಕೂಗಿದ. "ಏ ರೇಣುಕಾ! ಏನದು, ಹೆಣದ ಮುಂದ ಸುತ್ತಿದಂಗ ಎಡಸುತ್ತು? ಮಣ್ಣು ಕೂಡೂದಿಲ್ಲ ನೋಡು. ಆವಿಗೀನ ಸಿಡೀತೈತಿ."

"ನಿಮ್ಮ ಗಡಗಿ ಕಡೆ ಲಕ್ಷ್ಯ ಇರಲಿ ಕಾಕಾ. ಹ್ವಾದ ಆವಿಗ್ಯಾಗ ಬಲಸುತ್ತಿನ ಮಣ್ಣೂ ಸಿಡದಿತ್ತಲ್ಲ, ಸಪ್ಪಳ ನಮ್ಮನಿ ತನಕ ಕೇಳತಿತ್ತು."

ಅಪ್ಪನಿಗೂ ಅದು ಸರಿಬರಲಿಲ್ಲ. ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅವನು ಬಾಗಿಲಲ್ಲಿ ನಿಂತು ಪೂರ್ತಿ ತುಳಿದು ಮುಗಿಯುವ ತನಕ ನೋಡಿದ. ಆಮೇಲೆ ತಂತಿ ತಂದು ಮಣ್ಣಿನ ಮುದ್ದೆಯನ್ನು ಸೀಳಿದ. ಒಳಗೆ ಒಂದು ಗಾಳಿಯ ಗುಳ್ಳೆ ಇಲ್ಲ, ಒಂದು ಹರಳಿಲ್ಲ. ಇನ್ನೊಂದು ಕಡೆ ಸೀಳಿದ. ಮೂರನೇ ಸಲವೂ ಸೀಳಿದ. ಬೇಲಿಯ ಕಡೆ ತಿರುಗಿ, ಕಾಕಾನಿಗೆ ಕೇಳುವಂತೆ ಹೇಳಿದ: "ಮಣ್ಣಿಗೆ ಎಡಾ ಬಲಾ ಗೊತ್ತಿಲ್ಲೋ ಪರಸ್ಯಾ. ತುಳದ್ರ ಸಾಕು. ನನ್ನ ಮಗಳು ತುಳದಾಳ. ಬಾ, ಬಂದು ಮುಟ್ಟಿ ನೋಡು." ಕಾಕಾ ಬರಲಿಲ್ಲ. ಅವನು ಇವತ್ತಿಗೂ ಅದನ್ನು ಒಪ್ಪಿಲ್ಲ. ಆ ವರ್ಷದ ನಮ್ಮ ಪಣತಿಗಳೆಲ್ಲ ಎಡಸುತ್ತಿನ ಮಣ್ಣಿನವು. ಆವಿಗೆಯಿಂದ ತೆಗೆದಾಗ ಒಂದೊಂದನ್ನೂ ಬಡಿದು ನೋಡಿದೆ, ಸೀಳಿದ್ದು ಏಳೇ. ಅದಕ್ಕಿಂತ ಕಡಿಮೆ ಅಂಕಿ ನನ್ನ ದಿನಚರಿಯಲ್ಲಿ ಹಿಂದೆಂದೂ ಇರಲಿಲ್ಲ.

ದೀಪಾವಳಿಯ ಹಿಂದಿನ ರವಿವಾರ ಚುಕ್ಕೆ ಕೆಳಗಿನ ಹೊಲಿಗೆಯನ್ನು ದಾಟಿತು. ನಾನು ಮೊದಲು ನಂಬಲಿಲ್ಲ, ಮತ್ತೆ ಮೇಲಿನಿಂದ ಬಡಿಯುತ್ತ ಬಂದೆ. ಹೊಲಿಗೆಯ ಆಚೆ, ಅಕ್ಕಿಕಾಳಿನಷ್ಟು ದೂರದಲ್ಲಿ, ಅಕ್ಕ ಹಲ್ಲು ಕಚ್ಚಿ ತಲೆ ಅಲ್ಲಾಡಿಸಿದಳು. ಅಪ್ಪ ಎದ್ದು ಹೊರಗೆ ಹೋದ. ಅಂಗಳದಲ್ಲಿ ಅವನು ಮೂಗು ಸೀಟಿಕೊಂಡ ಸದ್ದು ಒಳಗೆ ಕೇಳಿಸಿತು.

ಅಲ್ಲಿಂದ ಮುಂದಿನ ದಾರಿ ಉದ್ದವಿತ್ತು, ಆದರೆ ದಾರಿ ಇತ್ತು. ಡಿಸೆಂಬರಿನಲ್ಲಿ ಮಣಿಕಟ್ಟು, ಸಂಕ್ರಾಂತಿ ಕಳೆದ ಮೇಲೆ ಅಂಗೈ. ಪ್ರತಿ ತಿಂಗಳು ಬೆಳಗಾವಿಗೆ ತೋರಿಸಲು ಹೋಗುತ್ತಿದ್ದೆವು. ತಪಾಸಣೆ ಮುಗಿಸಿ ದಂಡಿನವರ ಕ್ಯಾಂಪಿನ ಕಡೆ ನಡೆಯುವುದು ಅಕ್ಕನಿಗೆ ಇಷ್ಟ. ಹಳೆಯ ಬಂಗಲೆಗಳ ಮುಂದಿನ ನೆರಳಿನ ರಸ್ತೆಯಲ್ಲಿ ಒಂದು ಸಲ ಮಾತಿನ ಭರದಲ್ಲಿ ಅವಳ ಎಡಗಾಲಿನ ಚಪ್ಪಲಿ ಹಿಂದೆಯೇ ಉಳಿದಿತ್ತು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಪಹರೆಯ ಜವಾನನೊಬ್ಬ "ತಾಯಿ, ಆಪ್ ಕೀ ಚಪ್ಪಲ್!" ಎಂದು ಕೂಗಿದ. ಅಕ್ಕ ಅಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಎರಡನ್ನೂ ಕೈಯಲ್ಲಿ ಹಿಡಿದು ನಡೆದಳು. "ಮೊದಲಿಗಿಂತ ಜಡ ಇದ್ದ ಜಾಗಾ ಸಣ್ಣದಾಗೇತೋ" ಎಂದಳು. ಖರೆಯೇ ಆಗಿತ್ತು. ಅಕ್ಕಪಕ್ಕದ ನರಗಳು ಅಷ್ಟಿಷ್ಟು ಆ ಜಾಗಕ್ಕೆ ಹಬ್ಬುತ್ತವೆ ಎಂದು ಡಾಕ್ಟರ್ ಹೇಳಿದ್ದರು. ಅಂಗೈ ಅಗಲದ ಜಡ ಎರಡು ಬೆರಳಿನಷ್ಟಕ್ಕೆ ಬಂದಿತ್ತು.

ಹೆಬ್ಬೆರಳಿಗೆ ಮೊದಲು ಜೀವ ಬಂದದ್ದು ಏಪ್ರಿಲ್ ಮೊದಲ ವಾರ. ಬಂದದ್ದು ಸುಖವಾಗಿ ಅಲ್ಲ. ಹತ್ತಿ ಮುಟ್ಟಿದರೂ ತುರಿಕೆ ಸೊಪ್ಪು ತಾಗಿದಂತೆ ಉರಿಯುತ್ತಿತ್ತು. ಜೊತೆಗೆ ಎಳೆಗಳು ದಾರಿ ತಪ್ಪಿ ಅಲ್ಲಲ್ಲಿ ಹೊಕ್ಕಿದ್ದವು. ನಡುಬೆರಳು ಮುಟ್ಟಿದರೆ ತೋರುಬೆರಳು ಎನ್ನುತ್ತಿದ್ದಳು. ಮಿದುಳಿಗೆ ಹೊಸದಾಗಿ ಪಾಠ ಹೇಳಬೇಕು, ಕಣ್ಣು ಮುಚ್ಚಿಸಿ ಸಾಮಾನು ಗುರುತಿಸಲು ಹಚ್ಚಿರಿ ಎಂದು ಡಾಕ್ಟರ್ ಹೇಳಿದರು. ಊಟವಾದ ಮೇಲೆ ಅದು ನಮ್ಮ ಮನೆಯ ಆಟವಾಯಿತು. ಅವ್ವ ಅಕ್ಕನ ಕೈಗೆ ಒಂದೊಂದೇ ಇಡುತ್ತಿದ್ದಳು.

"ಇದು?"

"ಹುಣಸಿಬೀಜ."

"ಇದು?"

"ಕಡಲಿ. ಅಲ್ಲ, ವಠಾಣಿ."

"ಇದು?"

"ಕಲ್ಲಸಕ್ರಿ... ಅವ್ವಾ, ಹಸೀಗೇತಿ. ಅರ್ಧಾ ನೀ ತಿಂದು ಕೊಟ್ಟಿ ಏನ?"

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ಸರಿ, ತಪ್ಪು ಎಂದು ಎರಡು ಸಾಲು ಮಾಡಿ ಗೆರೆ ಹಾಕುತ್ತಿದ್ದೆ. ಏಪ್ರಿಲಿನಲ್ಲಿ ತಪ್ಪಿನ ಸಾಲು ಉದ್ದವಿತ್ತು. ಮೇ ತಿಂಗಳ ಎರಡನೇ ವಾರ ಎರಡೂ ಸಮನಾದವು, ನಂತರ ಸರಿಯ ಸಾಲು ಮುಂದೆ ಹೋಯಿತು. ಡಾಕ್ಟರ್ ತಮ್ಮ ಕಿರಿಯ ವೈದ್ಯರನ್ನೆಲ್ಲ ಕರೆದು ಅಕ್ಕನ ಕೈ ತೋರಿಸಿದರು. ನಾಲ್ಕು ಸೆಂಟಿಮೀಟರ್ ಅಂತರಕ್ಕೆ ಇಷ್ಟು ಒಳ್ಳೆಯ ಫಲ ಅಪರೂಪ ಎಂದರು. "ಬಾಯಾರ, ಬೀಜದ ಲೆಕ್ಕಾ ನಮ್ಮ ತಮ್ಮ ಇಟ್ಟಾನ, ಅವನ್ನೂ ಹೊಗಳ್ರಿ" ಎಂದಳು ಅಕ್ಕ. ಡಾಕ್ಟರ್ ನನ್ನ ಕಡೆ ತಿರುಗಿ, "ನೀ ಏನ್ ಓದಾಂವ ಮುಂದ?" ಎಂದು ಕೇಳಿದರು. ಉತ್ತರ ನನಗೆ ಆ ಕ್ಷಣದಲ್ಲೇ ಗೊತ್ತಾದದ್ದು.

ಆದರೂ ಅಕ್ಕ ತಿಗರಿಗೆ ಕುಳಿತಿರಲಿಲ್ಲ. ಬೀಜ ಗುರುತಿಸುವುದು ಬೇರೆ, ತಿರುಗುವ ಮಣ್ಣು ಬೇರೆ. ಅವಳಿಗೂ ಹೆದರಿಕೆ ಇತ್ತು ಎಂದು ಈಗ ಅನ್ನಿಸುತ್ತದೆ. ಆಗ ಯಾರೂ ಕೇಳಲಿಲ್ಲ.

ಮೇ ಕೊನೆಯ ವಾರ, ಶಾಲೆಗೆ ಸೂಟಿ ಇದ್ದಾಗ, ಓಣಿಯ ಸವಿತಾ ಎಂಬ ಹುಡುಗಿ ನಮ್ಮ ಅಂಗಳಕ್ಕೆ ಬಂದಳು. ಹನ್ನೆರಡು ವರ್ಷ, ಎರಡು ಜಡೆ, ಮಾತಿನಲ್ಲಿ ಅರ್ಧ ಮರಾಠಿ. "ಅಕ್ಕಾ, ಮಲಾ ಪಣ್ ಶಿಕವ. ನನಗೂ ಗಡಗಿ ಮಾಡಾಕ ಕಲಸು" ಎಂದಳು. ಅಪ್ಪ ನೀರಿನ ಗಡಿಗೆಗಳನ್ನು ನೆರಳಿಗೆ ಸರಿಸುತ್ತಿದ್ದ. ಅವ್ವ ಮಣ್ಣು ಮಿದಿಯುತ್ತಿದ್ದಳು. ಅಕ್ಕ ಸ್ವಲ್ಪ ಹೊತ್ತು ಆ ಹುಡುಗಿಯನ್ನು ನೋಡಿದಳು. ಆಮೇಲೆ ತಿಗರಿಯ ಮೇಲಿನ ಗೋಣಿಚೀಲ ತೆಗೆದಳು.

ಮಣ್ಣಿನ ಮುದ್ದೆ ಇಟ್ಟು, ತಿಗರಿ ತಿರುಗಿಸಿ, ಸವಿತಾಳನ್ನು ಮುಂದೆ ಕುಳ್ಳಿರಿಸಿಕೊಂಡು ತಾನು ಹಿಂದೆ ಕುಳಿತಳು. ಹುಡುಗಿಯ ಎರಡು ಕೈಗಳನ್ನು ಮಣ್ಣಿನ ಮೇಲಿಟ್ಟು ಅವು ಮುಚ್ಚುವಂತೆ ತನ್ನ ಕೈಗಳನ್ನಿಟ್ಟಳು. ಮುದ್ದೆ ಒಂದೆರಡು ಸಲ ಓಲಾಡಿತು. ನೀರು ಚಿಮ್ಮಿತು. ಹುಡುಗಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು.

"ಯಾಕ ಹೆದರತಿ? ಉಸಿರ ಬಿಡು. ಬಟ್ಟು ನಡಗಾಕತ್ತಾವ ನಿನ್ನವು. ಬಲಗೈದು, ನಡುವಿನ ಬಟ್ಟು. ಸಡಲ ಬಿಡು ಅದನ್ನ."

ಮಣ್ಣು ಮಿದಿಯುತ್ತಿದ್ದ ಅವ್ವನ ಕೈ ನಿಂತಿತು. ಅಪ್ಪ ಹಿಡಿದಿದ್ದ ಗಡಿಗೆಯನ್ನು ನೆಲಕ್ಕಿಟ್ಟು ತಿಗರಿಯ ಹತ್ತಿರ ಬಂದ. ಸವಿತಾಳ ಬೆರಳುಗಳು ಅಕ್ಕನ ಬೆರಳುಗಳ ಕೆಳಗೆ, ಕೆಸರಿನ ಕೆಳಗೆ ಇದ್ದವು; ನೋಡಿ ಹೇಳಲು ಅಲ್ಲಿ ಏನೂ ಕಾಣುತ್ತಿರಲಿಲ್ಲ.

"ನಡಗಾಕತ್ತೇತಿ ಅಂತ ಹೆಂಗ ಗೊತ್ತಾತ ನಿನಗ?" ಅಪ್ಪ ಕೇಳಿದ.

"ಗೊತ್ತಾಗ್ತೈತ್ಯಪಾ" ಎಂದಳು ಅಕ್ಕ, ಮಣ್ಣಿನಿಂದ ಕಣ್ಣೆತ್ತದೆ. "ಈಗ ನಿಂತಿತು ನೋಡು."